ಸಿಇಟಿ ಆಪ್ಷನ್ ಎಂಟ್ರಿ: ತಂಗಿಗೆ ಬೆಂಗಳೂರೇ ಬೇಕಾ, ತುಮಕೂರು ಸಾಕಾ?

ತಿಪಟೂರಿನ ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಮೂವತ್ತು ಸಾವಿರದ ಆಸುಪಾಸು ಬಂದಿದೆ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಹಾಕುವುದು, ಇನ್ನೇನು ಶುರುವಾಗುತ್ತದೆ. ನಮ್ಮದು ತಿಪಟೂರು ತಾಲೂಕಿನ ಹಳ್ಳಿ. ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುನಲ್ಲಿ ಪಿಸಿಎಂಬಿ ಓದಿದ್ದಾಳೆ. ಮೀಸಲಾತಿ ಪ್ರವರ್ಗ 2ಎ. ರೂರಲ್ (ಗ್ರಾಮೀಣ), ಕನ್ನಡ ಮೀಡಿಯಂ ಕೋಟಾ ಎರಡೂ ಕ್ಲೇಮ್ ಮಾಡಿದ್ದೇವೆ. ಮನೆಯಲ್ಲಿ ಎಂಜಿನಿಯರಿಂಗ್ ಓದಿದವರು ಯಾರೂ ಇಲ್ಲ. ನಾನು ಐಟಿಐ ಮುಗಿಸಿ ಕೆಲಸಕ್ಕೆ ಸೇರಿದವನು.

ರಾಜ್ಯ ಬಿಟ್ಟು ಹೋಗುವ ಮಾತಿಲ್ಲ, ಅದು ಅವಳಿಗೂ ಒಪ್ಪಿಗೆ. ಆದರೆ ರಾಜ್ಯದೊಳಗೇ ಇಷ್ಟೊಂದು ಕಾಲೇಜು ಇವೆಯಲ್ಲ, ಪಟ್ಟಿ ನೋಡಿದರೆ ತಲೆ ಕೆಡುತ್ತದೆ. ಒಬ್ಬರು ಹೇಳುತ್ತಾರೆ, ಯಾವ ಕಾಲೇಜಾದರೂ ಪರವಾಗಿಲ್ಲ, ಕಂಪ್ಯೂಟರ್ ಸೈನ್ಸ್ ತಗೊಳ್ಳಿ, ಬೆಂಗಳೂರಿಗೆ ಕಳಿಸಿ ಅಂತ. ಇನ್ನೊಬ್ಬರು ತುಮಕೂರು, ಹಾಸನ, ಮೈಸೂರಿನ ಹಳೆ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕರೂ ಬಿಡಬೇಡಿ ಅನ್ನುತ್ತಾರೆ. ಅಪ್ಪನಿಗೆ ಹಾಸ್ಟೆಲ್ ಖರ್ಚಿನ ಚಿಂತೆ, ಅಮ್ಮನಿಗೆ ಮಗಳು ಒಬ್ಬಳೇ ಇರಬೇಕಲ್ಲ ಅನ್ನುವ ಚಿಂತೆ. ದೊಡ್ಡ ಕಾಲೇಜನ್ನು ಮೊದಲು ಹಾಕಿದರೆ ಚಿಕ್ಕದೂ ಕೈತಪ್ಪುತ್ತದೆ ಅಂತ ಸೈಬರ್ ಸೆಂಟರ್‌ನವರು ಹೇಳಿದರು. ಅದು ನಿಜವಾ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಪಿಯು ಮೇಷ್ಟ್ರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಪ್ರತಿ ವರ್ಷ ಇದೊಂದು ತಪ್ಪು ತಿಳುವಳಿಕೆಯಿಂದ ಒಳ್ಳೆ ಮಕ್ಕಳು ಕೈಗೆಟಕುವ ಸೀಟನ್ನೂ ಕೇಳದೆ ಬಿಡುತ್ತಾರೆ.

ದೊಡ್ಡ ಕಾಲೇಜನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಕೆಇಎ ಸೀಟು ಹಂಚುವುದು ರ‍್ಯಾಂಕ್ ಪ್ರಕಾರ. ನಿಮ್ಮ ತಂಗಿಯ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗುತ್ತಾರೆ. ಒಂದನೆಯದು ಖಾಲಿ ಇಲ್ಲವಾ, ಎರಡನೆಯದು. ಅದೂ ಇಲ್ಲವಾ, ಮೂರನೆಯದು. ನಲವತ್ತನೆಯದು ಸಿಗುವಂತಿದ್ದರೆ ಅದು ಸಿಕ್ಕೇ ಸಿಗುತ್ತದೆ, ಮೇಲಿನ ಮೂವತ್ತೊಂಬತ್ತು ಎಷ್ಟೇ ದೊಡ್ಡವಾಗಿರಲಿ. ಅವಳಿಗಿಂತ ಕೆಳಗಿನ ರ‍್ಯಾಂಕಿನವರು ಅದನ್ನು ಒಂದನೇ ಆಪ್ಷನ್ ಮಾಡಿಕೊಂಡಿದ್ದರೂ ಅದೇ ಕೋಟಾದಲ್ಲಿ ಅವಳನ್ನು ದಾಟಿ ಹೋಗಲಾರರು. ಹಾಗಾಗಿ ಪಟ್ಟಿ ಮಾಡುವಾಗ "ಸಿಗುತ್ತದಾ" ಅಂತ ಕೇಳಿಕೊಳ್ಳಬೇಡಿ. "ಇವೆರಡೂ ಸಿಕ್ಕರೆ ಯಾವುದಕ್ಕೆ ಹೋಗುತ್ತೀಯ" ಅಂತ ತಂಗಿಯನ್ನು ಕೇಳಿ. ಹಾಗೆ ಕೇಳುತ್ತಾ ಹೋದರೆ ಪಟ್ಟಿ ತಾನಾಗಿ ಆಗುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸೇರುವ ಮನಸ್ಸಿಲ್ಲದ ಕಾಲೇಜನ್ನು ಸುಮ್ನೆ ತುಂಬಿಸಬೇಡಿ. ಸಂಖ್ಯೆ ಜಾಸ್ತಿ ಇರಲಿ ಅಂತ ಹಾಕಿದ್ದೇ ಕೊನೆಗೆ ಅಲಾಟ್ ಆಗಿಬಿಡುತ್ತದೆ. ಒಂದು ರೌಂಡಿನಲ್ಲಿ ಸೀಟು ಬಂದರೆ ಅದರ ಕೆಳಗಿನ ಆಪ್ಷನ್‌ಗಳು ಮುಂದಿನ ರೌಂಡಿಗೆ ಉಳಿಯುವುದಿಲ್ಲ.

ಮೊದಲು ಮಾಕ್ ಅಲಾಟ್‌ಮೆಂಟ್ ಬರುತ್ತದೆ. ಅದು ಬರೀ ಅಂದಾಜು. ಅದನ್ನು ನೋಡಿಕೊಂಡು ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಮಾಕ್‌ನಲ್ಲಿ ಏನೂ ಬರಲಿಲ್ಲ ಅಂತ ಗಾಬರಿಯಾಗಿ ಮೇಲಿನ ಒಳ್ಳೆ ಆಪ್ಷನ್‌ಗಳನ್ನು ಅಳಿಸಿಬಿಡುತ್ತಾರೆ. ಅಳಿಸಬೇಡಿ. ಕೆಳಗೆ ಸೇರಿಸಿ, ಅಷ್ಟೇ.

ಇನ್ನು ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ನೋಡುವ ರೀತಿ. ಕಳೆದ ವರ್ಷದ ಪಟ್ಟಿಯಲ್ಲಿ ಪ್ರತಿ ಕಾಲೇಜಿಗೂ ಬ್ರಾಂಚಿಗೂ ಸಾಲುಸಾಲು ಕೋಡ್ ಇರುತ್ತವೆ. ಜಿಎಂ ಅಂದರೆ ಜನರಲ್ ಮೆರಿಟ್. 2ಎಜಿ, 2ಎಆರ್, 2ಎಕೆ ಅಂತ ಮೂರು ಕಾಣುತ್ತವೆ. ಕೊನೆಯ ಅಕ್ಷರ ಜಿ ಇದ್ದರೆ ಸಾಮಾನ್ಯ, ಆರ್ ಇದ್ದರೆ ರೂರಲ್, ಕೆ ಇದ್ದರೆ ಕನ್ನಡ ಮೀಡಿಯಂ. ನಿಮ್ಮ ತಂಗಿಗೆ ಈ ಎಲ್ಲ ಕಾಲಂಗಳೂ ಮುಖ್ಯ. ರೂರಲ್‌ಗೆ 15 ಶೇಕಡಾ, ಕನ್ನಡ ಮಾಧ್ಯಮಕ್ಕೆ 5 ಶೇಕಡಾ ಸೀಟು ಇದೆ. ಬಹಳ ಜನ ಜಿಎಂ ಕಾಲಂ ಮಾತ್ರ ನೋಡಿ "ನಮಗೆಲ್ಲಿ ಸಿಗುತ್ತದೆ" ಅಂತ ಎದ್ದು ಹೋಗುತ್ತಾರೆ. ಮೊದಲ ರೌಂಡಿನದು ಸಾಲದು, ಕೊನೆ ರೌಂಡಿನ ಕಟಾಫ್ ಕೂಡ ತೆಗೆದು ನೋಡಿ.

ಇಸಿ ಆರನೇ ಸೆಮ್

ನಾನೂ ಹತ್ತರವರೆಗೆ ಕನ್ನಡ ಮಾಧ್ಯಮ. ಈಗ ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಅಣ್ಣ, ಒಂದು ಮಾತು. ಕಾಲೇಜಿನ ಗೇಟು, ಗಾಜಿನ ಕಟ್ಟಡ, ಮುಂದಿನ ಹೂದೋಟ ನೋಡಿ ಬರಬೇಡಿ. ಲ್ಯಾಬ್ ತೋರಿಸಿ ಅಂತ ಕೇಳಿ. ಹೊರಗಿನಿಂದ ಬಂದವರಿಗೆ ತೋರಿಸಲ್ಲ ಅಂದರೆ ಅಲ್ಲಿ ಓದುವ ಯಾರನ್ನಾದರೂ ಹಿಡಿದು ಕೇಳಿ.

ಲ್ಯಾಬ್ ಒಳಗೆ ಹೋದಾಗ ನೋಡಬೇಕಾದದ್ದು ಇದು. ಒಂದು ಟೇಬಲ್‌ಗೆ ಎಷ್ಟು ಜನ ನಿಂತಿದ್ದಾರೆ? ನಮ್ಮಲ್ಲಿ ಒಂದು ಆಸಿಲೋಸ್ಕೋಪಿಗೆ (ವಿದ್ಯುತ್ ಸಿಗ್ನಲ್ ತೋರಿಸುವ ಉಪಕರಣ) ಇಬ್ಬರು. ಇಬ್ಬರೂ ಕೈ ಹಾಕಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ನನ್ನ ಗೆಳೆಯನ ಕಾಲೇಜಿನಲ್ಲಿ ಆರು ಜನ. ಒಬ್ಬ ವೈರ್ ಹಾಕುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ, ನಾಲ್ಕು ಜನ ನೋಡುತ್ತಾರೆ. ಬಿಡಿಭಾಗದ ಡ್ರಾಯರ್ ಎಳೆದು ನೋಡಿ. ರೆಸಿಸ್ಟರ್, ಐಸಿ ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿಕೊಂಡು ಕೂತಿದ್ದರೆ ಅಲ್ಲಿ ಕೆಲಸ ನಡೆಯುತ್ತದೆ ಅಂತ ಅರ್ಥ. ಬೋರ್ಡಿನ ತಂತಿಯ ತುದಿ ಬಳಸಿ ಬಳಸಿ ಕಪ್ಪಾಗಿರಬೇಕು. ಎಲ್ಲವೂ ಪ್ಲಾಸ್ಟಿಕ್ ಕವರ್ ಸಮೇತ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಭಾಷೆ ವಿಷಯ. ಪಿಯುನಲ್ಲಿ ಇಂಗ್ಲಿಷ್ ಮಾಧ್ಯಮ ಓದಿದ್ದರೂ ಮೊದಲ ಸೆಮ್ ಕಷ್ಟ ಆಗುತ್ತದೆ, ಅದರಲ್ಲೂ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ನನಗೆ ಸಹಾಯ ಆಗಿದ್ದು ಹಾಸ್ಟೆಲ್‌ನ ಸೀನಿಯರ್‌ಗಳು. ನಮ್ಮ ಕಡೆಯ ಮಕ್ಕಳು ಜಾಸ್ತಿ ಇರುವ ಕಾಲೇಜಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳಿಕೊಡುತ್ತಾರೆ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಮೈಸೂರಿನ ಅಮ್ಮ

ನನ್ನ ಮಗಳು ಹೋದ ವರ್ಷ ಸೇರಿದಳು. ಖರ್ಚಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಫೀಸ್ ಒಂದನ್ನೇ ಲೆಕ್ಕ ಹಾಕುತ್ತಾರೆ.

ಸಿಇಟಿ ಸೀಟಿನಲ್ಲೂ ಸರ್ಕಾರಿ, ಅನುದಾನಿತ, ಖಾಸಗಿ ಅಂತ ಫೀಸ್ ಬೇರೆ ಬೇರೆ. ಹಳೆಯ ಅನುದಾನಿತ ಕಾಲೇಜುಗಳಲ್ಲಿ ಒಂದೇ ಕ್ಯಾಂಪಸ್‌ನೊಳಗೆ ಒಂದು ಬ್ರಾಂಚ್ ಅನುದಾನಿತ, ಪಕ್ಕದ್ದು ಅಲ್ಲ. ಆಪ್ಷನ್ ಪಟ್ಟಿಯಲ್ಲಿ ಕೋರ್ಸಿನ ಪಕ್ಕದಲ್ಲೇ ಫೀಸ್ ಕಾಣುತ್ತದೆ, ಪ್ರತಿಯೊಂದನ್ನೂ ಓದಿ. ಕುಟುಂಬದ ಆದಾಯ 8 ಲಕ್ಷಕ್ಕಿಂತ ಕಮ್ಮಿ ಇದ್ದರೆ ಎಸ್‌ಎನ್‌ಕ್ಯೂ (ಹೆಚ್ಚುವರಿ ಕೋಟಾ) ಸೀಟುಗಳಿಗೂ ಅರ್ಹತೆ ಇದೆ. ಅದರಲ್ಲಿ ಟ್ಯೂಷನ್ ಫೀಸ್ ಇರುವುದಿಲ್ಲ, ಬೇರೆ ಶುಲ್ಕ ಇರುತ್ತದೆ.

ಫೀಸ್ ಆದ ಮೇಲೆ ಪಿಜಿ ಬಾಡಿಗೆ, ಊಟ, ಬಸ್ಸು, ಲ್ಯಾಪ್‌ಟಾಪ್, ಹಬ್ಬಕ್ಕೆ ಊರಿಗೆ ಬಂದು ಹೋಗುವುದು. ಇದು ನಾಲ್ಕು ವರ್ಷ, ಪ್ರತಿ ತಿಂಗಳು. ಬೆಂಗಳೂರಿನ ಪಿಜಿಯಲ್ಲಿ ಇಟ್ಟರೆ ಈ ಖರ್ಚೇ ಸಿಇಟಿ ಫೀಸನ್ನು ಮೀರಬಹುದು. ನಮ್ಮ ಮನೆಯಲ್ಲಿ ಹಾಳೆ ಮೇಲೆ ಎರಡು ಕಾಲೇಜಿನದನ್ನೂ ಪಕ್ಕಪಕ್ಕ ಬರೆದೆವು. ಬರೆದ ಮೇಲೆ ಮಾತೇ ಬೇಕಾಗಲಿಲ್ಲ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಉಚಿತ. ತಿಪಟೂರಿನಿಂದ ತುಮಕೂರು ಹೆಚ್ಚು ಕಮ್ಮಿ 70 ಕಿಲೋಮೀಟರ್, ರೈಲೂ ಇದೆ. ದಿನಾ ಓಡಾಡಬಹುದು ಅಂತ ನೀವು ಯೋಚಿಸಬಹುದು. ಆದರೆ ಹಳ್ಳಿಯಿಂದ ತಿಪಟೂರಿಗೆ ಬರುವುದು ಬೇರೆ ಇದೆಯಲ್ಲ? ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ 85 ಶೇಕಡಾ ಹಾಜರಿ ಬೇಕು. ಬೆಳಗ್ಗೆ ಮೊದಲ ಪೀರಿಯಡ್ ಲ್ಯಾಬ್ ಇದ್ದ ದಿನ ಬಸ್ ತಪ್ಪಿದರೆ ಅರ್ಧ ದಿನ ಹೋಯಿತು. ಮೊದಲ ವರ್ಷ ಹಾಸ್ಟೆಲ್ ಹಾಕಿ. ವಾರಕ್ಕೊಮ್ಮೆ ಊರಿಗೆ ಬರಲಿ. ನಿಮ್ಮ ಅಮ್ಮನಿಗೂ ಧೈರ್ಯ ಬರುತ್ತದೆ, ಅವಳಿಗೂ ಓದಲು ಸಮಯ ಸಿಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೂ ಅರ್ಜಿ ಹಾಕಿ. ಅಲ್ಲಿ ಸೀಟು ಸಿಗದಿದ್ದರೆ ಊಟ ವಸತಿಗೆ ವಿದ್ಯಾಸಿರಿ ಸಹಾಯಧನ ಇದೆ, ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕೊನೆ ದಿನದವರೆಗೂ ಕಾಯಬೇಡಿ.

ಟೆಸ್ಟಿಂಗ್ ಎಂಜಿನಿಯರ್

ಬ್ರಾಂಚ್ ವಿಷಯಕ್ಕೆ ಬರುತ್ತೇನೆ. "ಯಾವ ಕಾಲೇಜಾದರೂ ಸರಿ, ಸಿಎಸ್ ಇರಲಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ತೆಗೆದಿದೆ. ಅದಾದ ಮೇಲೆ ಎಷ್ಟೋ ಕಾಲೇಜುಗಳು ಸಿಎಸ್, ಎಐ, ಡೇಟಾ ಸೈನ್ಸ್ ಸೀಟು ಹೆಚ್ಚಿಸಿಕೊಂಡಿವೆ. ಸೀಟು ಹೆಚ್ಚಿಸುವುದು ಒಂದು ಆದೇಶದ ಕೆಲಸ. ಪಾಠ ಮಾಡಲು ಬರುವ ಮೇಷ್ಟ್ರನ್ನು ಹೆಚ್ಚಿಸುವುದು ಅಷ್ಟು ಸುಲಭ ಅಲ್ಲ. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು ಅನ್ನುವುದು ಎಐಸಿಟಿಇ ಲೆಕ್ಕ. ಕಾಲೇಜಿನ ವೆಬ್‌ಸೈಟ್‌ನಲ್ಲಿ ಮ್ಯಾಂಡೇಟರಿ ಡಿಸ್‌ಕ್ಲೋಷರ್ ಅಂತ ಒಂದು ಕಡತ ಇರುತ್ತದೆ. ಅದರಲ್ಲಿ ಅಧ್ಯಾಪಕರ ಹೆಸರು, ಓದು, ಅನುಭವ ಹಾಕಿರಬೇಕು. ಆ ಬ್ರಾಂಚಿನ ಹೆಸರುಗಳನ್ನು ಎಣಿಸಿ. ಎಲ್ಲರೂ ಮೊನ್ನೆ ಮೊನ್ನೆ ಸೇರಿದವರಾ, ಹತ್ತು ಹದಿನೈದು ವರ್ಷದಿಂದ ಇರುವವರೂ ಇದ್ದಾರಾ ನೋಡಿ. ಮೇಷ್ಟ್ರು ನಿಲ್ಲದ ಕಾಲೇಜಿನಲ್ಲಿ ಬ್ರಾಂಚಿನ ಹೆಸರು ಏನಿದ್ದರೇನು?

ಗುಣಮಟ್ಟ ಅಳೆಯುವ ನ್ಯಾಕ್ ಮತ್ತು ಎನ್‌ಬಿಎ ಮಾನ್ಯತೆ ಬೇರೆ ಬೇರೆ. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ. ಎನ್‌ಬಿಎ ಮಾನ್ಯತೆ ಬ್ರಾಂಚ್ ಪ್ರಕಾರ, ಇಷ್ಟು ವರ್ಷ ಅಂತ ಅವಧಿಗೆ. "ನಮ್ಮದು ಎನ್‌ಬಿಎ ಕಾಲೇಜು" ಅಂದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಿ. ಹೊಸ ಬ್ರಾಂಚಿಗೆ ಇನ್ನೂ ಬಂದಿರುವುದಿಲ್ಲ.

ಕೆಲಸದ ಬಗ್ಗೆ. ಎಲೆಕ್ಟ್ರಾನಿಕ್ಸ್ ಓದಿದವರು ಸಾಫ್ಟ್‌ವೇರ್‌ಗೆ ಬರುವುದಕ್ಕೆ ಅಡ್ಡಿ ಇಲ್ಲ. ನನ್ನ ತಂಡದಲ್ಲೇ ಇಸಿ (ಎಲೆಕ್ಟ್ರಾನಿಕ್ಸ್), ಇಇ (ಎಲೆಕ್ಟ್ರಿಕಲ್), ಮೆಕ್ಯಾನಿಕಲ್ ಎಲ್ಲರೂ ಇದ್ದೇವೆ. ಸಿಎಸ್ ಓದಿದವರು ಚಿಪ್ ಡಿಸೈನ್ ಕಡೆ ಹೋಗುವುದು ಅದಕ್ಕಿಂತ ಕಷ್ಟ. ಪ್ಲೇಸ್‌ಮೆಂಟ್ ಬ್ರೋಷರ್‌ನಲ್ಲಿ ಅತಿ ದೊಡ್ಡ ಸಂಬಳದ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ಅದು ಒಬ್ಬರಿಗೆ ಸಿಕ್ಕಿದ್ದು. ನೀವು ಕೇಳಬೇಕಾದ್ದು, ಈ ಬ್ರಾಂಚಿನಲ್ಲಿ ಪಾಸಾದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನವನಿಗೆ ಎಷ್ಟು ಸಂಬಳ ಅಂತ. ಕೊನೆ ವರ್ಷದ ಮಕ್ಕಳು ಇದನ್ನು ನಿಜ ಹೇಳುತ್ತಾರೆ.

ಕಲಬುರಗಿ ಹುಡುಗ

ತಿಪಟೂರಿನವರಿಗೆ ಇದು ಅನ್ವಯಿಸಲ್ಲ, ಆದರೆ ನಮ್ಮ ಕಡೆಯವರು ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ 70 ಶೇಕಡಾ, ಉಳಿದ ಕರ್ನಾಟಕದಲ್ಲಿ 8 ಶೇಕಡಾ ಸೀಟು ಇದೆ. ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಎಲ್ಲರೂ ಬೆಂಗಳೂರು ಅಂತ ಓಡುತ್ತಾರೆ. 1958ರಿಂದ ನಡೆಯುತ್ತಿರುವ ಪಿಡಿಎ ಕಾಲೇಜು ಇಲ್ಲೇ ಕಲಬುರಗಿಯಲ್ಲಿದೆ, ಅದನ್ನೂ ಒಮ್ಮೆ ನೋಡಿ.

ತಿಪಟೂರಿನ ಅಣ್ಣ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ತಂಗಿ ಜೊತೆ ಓದಿದೆ. ಆಟೋನಮಸ್ ಕಾಲೇಜು ಒಳ್ಳೆಯದಾ, ನೇರ ವಿಟಿಯು ಪರೀಕ್ಷೆ ಇರುವುದು ಒಳ್ಳೆಯದಾ? ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ರ‍್ಯಾಂಕ್ ಕೂಡ ಇದೆ, ಅದರಲ್ಲಿ ಬೆಂಗಳೂರಿನ ಒಂದು ಕಾಲೇಜು ಸಿಗಬಹುದು ಅನ್ನುತ್ತಾರೆ. ಅಪ್ಪ ತೆಂಗಿನ ತೋಟದ ಮೇಲೆ ಸಾಲ ಮಾಡಲು ತಯಾರಿದ್ದಾರೆ. ಮತ್ತೆ ಚಾಯ್ಸ್ 1, 2, 3, 4 ಅಂದರೆ ಏನು ಅಂತ ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ನಿವೃತ್ತ ಪಿಯು ಮೇಷ್ಟ್ರು

ಆಟೋನಮಸ್ ಕಾಲೇಜು ಪಠ್ಯ, ಪರೀಕ್ಷೆ ಎರಡನ್ನೂ ತಾನೇ ಮಾಡಿಕೊಳ್ಳುತ್ತದೆ. ಕಾಲೇಜು ವಿಟಿಯು ಅಡಿಯಲ್ಲಿದ್ದರೆ ಪದವಿ ವಿಟಿಯುದೇ. ಒಳ್ಳೆ ಕಾಲೇಜಿನ ಕೈಯಲ್ಲಿ ಸ್ವಾತಂತ್ರ್ಯ ಒಳ್ಳೆಯದು, ಫಲಿತಾಂಶವೂ ಬೇಗ ಬರುತ್ತದೆ. ಮೇಷ್ಟ್ರೇ ಇಲ್ಲದ ಕಡೆ ಅದರಿಂದ ಪ್ರಯೋಜನ ಇಲ್ಲ. ಹಾಗಾಗಿ ಇದನ್ನು ಮೊದಲ ಅಳತೆ ಮಾಡಿಕೊಳ್ಳಬೇಡಿ.

ಚಾಯ್ಸ್ ಬಗ್ಗೆ ಗಮನ ಕೊಟ್ಟು ಓದಿ. ಇಲ್ಲಿ ಒಂದು ಗುಂಡಿ ತಪ್ಪಿದರೆ ಸೀಟೇ ಹೋಗುತ್ತದೆ. ಚಾಯ್ಸ್ 1 ಅಂದರೆ ಈ ಸೀಟು ಸಾಕು, ಫೀಸ್ ಕಟ್ಟಿ ಸೇರುತ್ತೇನೆ, ಮುಂದಿನ ರೌಂಡ್ ಬೇಡ. ಚಾಯ್ಸ್ 2 ಅಂದರೆ ಈ ಸೀಟು ಇರಲಿ, ಮುಂದಿನ ರೌಂಡಿನಲ್ಲಿ ಇದಕ್ಕಿಂತ ಮೇಲಿನ ಆಪ್ಷನ್ ಬಂದರೆ ಅದು ಕೊಡಿ. ಮೇಲಿನದು ಬಂದರೆ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಅದೇ ಬೇಕು ಅನ್ನುವ ಹಾಗಿಲ್ಲ. ಚಾಯ್ಸ್ 3 ಅಂದರೆ ಈ ಸೀಟು ಬೇಡ, ಮುಂದಿನ ರೌಂಡಿಗೆ ಬರುತ್ತೇನೆ. ಅದರಲ್ಲಿ ಕೈಯಲ್ಲಿರುವುದನ್ನು ಬಿಟ್ಟುಕೊಟ್ಟ ಹಾಗೆ. ಚಾಯ್ಸ್ 4 ಅಂದರೆ ಈ ಪ್ರಕ್ರಿಯೆಯಿಂದಲೇ ಹೊರಗೆ. ನಿಮ್ಮಂಥ ಮನೆಗೆ 3ರ ಅಪಾಯ ಬೇಡ. 1 ಅಥವಾ 2. ಆ ವರ್ಷದ ಶುಲ್ಕದ ನಿಯಮವನ್ನು ಮಾತ್ರ ಕೆಇಎ ಸೂಚನೆಯಲ್ಲೇ ಓದಿಕೊಳ್ಳಿ, ಅದು ಬದಲಾಗುತ್ತಿರುತ್ತದೆ.

ಮೈಸೂರಿನ ಅಮ್ಮ

ಕಾಮೆಡ್-ಕೆಗೆ ಸಾಲ ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಒಂದೇ ಕಾಲೇಜು, ಒಂದೇ ಬೆಂಚು, ಒಂದೇ ಮೇಷ್ಟ್ರು. ಸಿಇಟಿಯಿಂದ ಬಂದವಳು ಕಟ್ಟುವುದಕ್ಕಿಂತ ಕಾಮೆಡ್-ಕೆಯಿಂದ ಬಂದವಳು ಎಷ್ಟೋ ಜಾಸ್ತಿ ಕಟ್ಟುತ್ತಾಳೆ. ನಿಮ್ಮ ತಂಗಿಗೆ 2ಎ, ರೂರಲ್, ಕನ್ನಡ ಮಾಧ್ಯಮ ಅಂತ ಮೂರು ಬಾಗಿಲು ಸಿಇಟಿಯಲ್ಲಿ ತೆರೆದಿವೆ. ಅದನ್ನು ಬಿಟ್ಟು ಆ ಕಡೆ ಯಾಕೆ ಹೋಗಬೇಕು? ತೋಟದ ಮೇಲೆ ಸಾಲ ತೆಗೆದು ಓದಿಸಿದರೆ ಮೊದಲ ಕೆಲಸ ಹುಡುಕುವಾಗ ಆ ಹುಡುಗಿಯ ತಲೆ ಮೇಲೆ ಸಾಲದ ಭಾರವೇ ಇರುತ್ತದೆ. ಇಷ್ಟ ಇಲ್ಲದಿದ್ದರೂ ಸಿಕ್ಕಿದ್ದಕ್ಕೆ ಸೇರಬೇಕಾಗುತ್ತದೆ.

ಶಿರಸಿಯ ಫಾರೆಸ್ಟ್ರಿ

ನಾಲ್ಕು ವರ್ಷದ ಓದು ಅಂದ ತಕ್ಷಣ ಎಲ್ಲರೂ ಎಂಜಿನಿಯರಿಂಗ್ ಒಂದನ್ನೇ ಮಾತಾಡುತ್ತಿದ್ದೀರಿ. ತಂಗಿ ಪಿಸಿಎಂಬಿ ಓದಿದ್ದಾಳೆ ಅಲ್ವಾ? ಕೃಷಿ ಕೋರ್ಸುಗಳ ರ‍್ಯಾಂಕ್ ಎಷ್ಟಿದೆ ನೋಡಿದಿರಾ?

ಬಿಎಸ್ಸಿ ಆನರ್ಸ್ ಕೃಷಿ ನಾಲ್ಕು ವರ್ಷದ್ದು. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಎಲ್ಲದಕ್ಕೂ ಸಿಇಟಿ ಮೂಲಕ ಸೀಟು ಇದೆ. ಫಾರೆಸ್ಟ್ರಿಗೆ ಶಿರಸಿ ಮತ್ತು ಪೊನ್ನಂಪೇಟೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆದಿರಬೇಕು.

ನಾನು ಇಲ್ಲಿ ಓದುತ್ತಿದ್ದೇನೆ. ಬೆಳಗ್ಗೆ ಪಾಠ, ಆಮೇಲೆ ನರ್ಸರಿಗೆ ಹೋಗಿ ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವುದು. ಮಣ್ಣು, ಮರಳು, ಗೊಬ್ಬರ ಬೆರೆಸಿ ಒತ್ತಿ ತುಂಬಿ ಕೆಳಗೆ ಇಡುತ್ತೇವೆ. ಚೀಲ ನೆಟ್ಟಗೆ ನಿಲ್ಲದಿದ್ದರೆ ಮೇಷ್ಟ್ರು ಬಿಚ್ಚಿ ಮತ್ತೆ ತುಂಬಿಸುತ್ತಾರೆ, ಒಳಗೆ ಗಾಳಿ ಉಳಿದರೆ ಬೇರು ಒಣಗುತ್ತದೆ ಅಂತ. ಕೃಷಿ ಓದುವವರು ನಾಲ್ಕನೇ ವರ್ಷದಲ್ಲಿ ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡುತ್ತಾರೆ. ತೆಂಗಿನ ತೋಟ ನೋಡಿ ಬೆಳೆದ ಹುಡುಗಿಗೆ ಇದು ಹೊಸದಲ್ಲ. ಅವಳಿಗೆ ಇಷ್ಟ ಇದ್ದರೆ ಮಾತ್ರ. ಒಮ್ಮೆ ಕೇಳಿ ನೋಡಿ.

ಇನ್ನೊಂದು ವಿಷಯ. ಮಾಮೂಲಿ ಬಿಎ, ಬಿಎಸ್ಸಿ, ಬಿಕಾಂ ಈಗ ರಾಜ್ಯದಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು 2024-25ರಿಂದ ಕೈಬಿಟ್ಟಿದ್ದಾರೆ. ಹಳೆ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಬೇಡಿ.

ತಂಗಿ (ಅಣ್ಣನ ಫೋನಿನಿಂದ)

ನಮಸ್ಕಾರ. ಇದು ನಾನೇ ಬರೆಯುತ್ತಿರುವುದು. ಕೃಷಿ ಬಗ್ಗೆ ಹೇಳಿದ್ದಕ್ಕೆ ಥ್ಯಾಂಕ್ಸ್. ಪ್ರಾಯೋಗಿಕ ಪರೀಕ್ಷೆ ನಾನು ಬರೆದಿಲ್ಲ, ಮನಸ್ಸೂ ಎಲೆಕ್ಟ್ರಾನಿಕ್ಸ್ ಕಡೆಗೇ ಇದೆ. ಅಣ್ಣ ಮೋಟಾರ್ ಸ್ಟಾರ್ಟರ್ ಬಿಚ್ಚಿ ರಿಪೇರಿ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ ಬೆಳೆದವಳು ನಾನು.

ನಿನ್ನೆ ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆವು. ಲ್ಯಾಬ್ ನೋಡಿದೆ, ಟೇಬಲ್‌ಗೆ ಇಬ್ಬರಿದ್ದರು. ಡ್ರಾಯರ್‌ನಲ್ಲಿ ಚೀಟಿ ಅಂಟಿಸಿದ ಡಬ್ಬಿಗಳೂ ಇದ್ದವು. ನಮ್ಮ ತಾಲೂಕಿನ ಒಬ್ಬಳು ಅಕ್ಕ ಸಿಕ್ಕಳು, ಹಾಸ್ಟೆಲ್ ಊಟ ಹೇಗಿದೆ ಅಂತ ಅಮ್ಮ ಅವಳನ್ನೇ ಕೇಳಿದರು.

ನನ್ನ ಪಟ್ಟಿ ಹೀಗಿದೆ. ಮೊದಲು ಎಸ್‌ಐಟಿ ಇಸಿ, ಆಮೇಲೆ ಮೈಸೂರಿನ ಎನ್‌ಐಇ ಇಸಿ, ಹಾಸನದ ಮಲ್ನಾಡ್ ಇಸಿ, ಎಸ್‌ಐಟಿ ಇಇ, ಮಂಡ್ಯದ ಪಿಇಎಸ್ ಇಸಿ. ಬೆಂಗಳೂರಿನ ಯುವಿಸಿಇ ಇಸಿ ತುಂಬಾ ಇಷ್ಟ, ಆದರೆ ಸಿಗಲ್ಲ ಅಂತ ಹಾಕಿಲ್ಲ. ಹೊಸ ಕಾಲೇಜಿನ ಎಐ ತೆಗೆದಿದ್ದೇನೆ. ಸರಿ ಇದೆಯಾ?

ನಿವೃತ್ತ ಪಿಯು ಮೇಷ್ಟ್ರು

ಒಂದೇ ಒಂದು ತಿದ್ದುಪಡಿ ಮಗಳೇ. ಯುವಿಸಿಇ ಸಿಕ್ಕರೆ ಹೋಗುತ್ತೀಯಾ? ಹೌದಾದರೆ ಅದು ಪಟ್ಟಿಯ ತುದಿಯಲ್ಲಿ ಇರಬೇಕು. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿಸಿದ ಸರ್ಕಾರಿ ಕಾಲೇಜು ಅದು, ಫೀಸೂ ಕಮ್ಮಿ. ಸಿಗದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ, ಮುಂದಿನದು ಎಸ್‌ಐಟಿ ಇದ್ದೇ ಇದೆ. ಸಿಗಲ್ಲ ಅಂತ ನೀನೇ ತೀರ್ಮಾನ ಮಾಡಬೇಡ. ಅದು ಕೆಇಎ ಕಂಪ್ಯೂಟರ್‌ನ ಕೆಲಸ.

ಕೆಳಗೆ ಇನ್ನೂ ಒಂದಷ್ಟು ಸೇರಿಸು. ಹಾಸನ, ರಾಮನಗರ, ಕೆ.ಆರ್. ಪೇಟೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಸಿ ಇದ್ದರೆ ನೋಡು. ನೀನು ನಿಜವಾಗಿ ಹೋಗಿ ಸೇರುವಂಥದ್ದನ್ನು ಮಾತ್ರ ಹಾಕು.

ದಾಖಲೆಗಳನ್ನು ಈಗಲೇ ಒಂದು ಫೈಲ್‌ಗೆ ಹಾಕಿಡಿ. ರೂರಲ್, ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಬಿಇಒ ಮೇಲುಸಹಿ ಎರಡೂ ಇವೆಯಾ ನೋಡಿ. ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಅರ್ಜಿಯಲ್ಲಿ ಸರಿಯಾಗಿ ಬಿದ್ದಿದೆಯಾ ಅಂತ ವೆರಿಫಿಕೇಷನ್ ಸ್ಲಿಪ್ ತೆಗೆದು ಒಂದೊಂದೇ ಸಾಲು ಓದಿ. ಸ್ಲಿಪ್‌ನಲ್ಲಿ ಕೋಟಾ ಬಂದಿಲ್ಲದಿದ್ದರೆ ಆಪ್ಷನ್ ಹಾಕುವ ಮೊದಲೇ ಕೆಇಎಗೆ ತಿಳಿಸಬೇಕು.

ತಿಪಟೂರಿನ ಅಣ್ಣ

ಸ್ಲಿಪ್ ತೆಗೆದು ನೋಡಿದೆವು ಸರ್. 2ಎ, ರೂರಲ್, ಕನ್ನಡ ಮೀಡಿಯಂ ಮೂರೂ ಬಂದಿವೆ. ಯುವಿಸಿಇ ಒಂದನೇ ಆಪ್ಷನ್ ಮಾಡಿದ್ದಾಳೆ. ಮಾಕ್ ಅಲಾಟ್‌ಮೆಂಟ್ ಬಂದ ತಕ್ಷಣ ತಿಳಿಸುತ್ತೇನೆ.